ಅಣಕು ಸಂಸತ್ತಿಗೆ ಸಹಾಯ ಬೇಕು: ಡೇಟಾ ಸಂರಕ್ಷಣಾ ಕಾನೂನಿನ ಚರ್ಚೆಯಲ್ಲಿ ಜೈರಾಮ್ ರಮೇಶ್ ನಿಜಕ್ಕೂ ಏನು ಮಾಡಿದರು?

ಕಾನೂನು_ಕೂಸು
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಲಾ ಕಾಲೇಜಿನಲ್ಲಿ ಅಣಕು ಸಂಸತ್ತು ಇದೆ. ವಿಷಯ: 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಮಸೂದೆ. ಒಬ್ಬೊಬ್ಬರಿಗೂ ಒಬ್ಬ ಸಂಸದರ ಪಾತ್ರ, ಚೀಟಿ ಎತ್ತಿ ಹಂಚಿದರು. ನನಗೆ ಬಂದಿದ್ದು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯ ಜೈರಾಮ್ ರಮೇಶ್.

ಭಾಷಣ ಹುಡುಕಿ, ಅದನ್ನೇ ಚಿಕ್ಕದು ಮಾಡಿ ಹೇಳಿದರಾಯ್ತು ಅಂದುಕೊಂಡಿದ್ದೆ. ರಾಜ್ಯಸಭೆ ಈ ಮಸೂದೆ ಪಾಸು ಮಾಡಿದ್ದು 2023ರ ಆಗಸ್ಟ್ 9ರಂದು. ನೋಡಿದರೆ ಅವತ್ತು ಮಣಿಪುರದ ವಿಷಯಕ್ಕೆ ವಿರೋಧ ಪಕ್ಷಗಳೆಲ್ಲ ಸಭಾತ್ಯಾಗ ಮಾಡಿವೆ! ಅಂದರೆ ನನ್ನ ಪಾತ್ರದವರು ಸಭೆಯಿಂದ ಹೊರಗೆ. ನಾನು ಎದ್ದು ಬಾಗಿಲ ಕಡೆ ನಡೆದರೆ ಅಭಿನಯ ಮುಗಿಯಿತು. ಅಂಕ ಸಿಗುತ್ತಾ?

ತಮಾಷೆ ಬಿಡಿ. ಇವರು ಈ ಕಾನೂನಿನ ಬಗ್ಗೆ ಬೇರೆ ಎಲ್ಲಾದರೂ ಮಾತಾಡಿದ್ದಾರಾ? ಗೊತ್ತಿದ್ದವರು ಹೇಳಿ.

ಮೊಸರನ್ನ
ಬಾಗಿಲ ಕಡೆ ನಡೆದರೆ ಪೂರ್ತಿ ಅಂಕ ಕೊಡಬೇಕು. ಅದೇ ನೈಜ ಅಭಿನಯ.

ವಾದಿ_ಪ್ರತಿವಾದಿ
ತಂಗಿ, ನೀನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೀಯ. ಅವರ ಅಸಲಿ ಕೆಲಸ ಇರುವುದು ಸದನದಲ್ಲಲ್ಲ, ಸಮಿತಿಯ ವರದಿಯಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 2019ರ ಡಿಸೆಂಬರ್ 11ರಂದು ರವಿಶಂಕರ್ ಪ್ರಸಾದ್ ಲೋಕಸಭೆಯಲ್ಲಿ ಮೊದಲ ಮಸೂದೆ ಮಂಡಿಸಿದರು. ಅದು ಜಂಟಿ ಸಂಸದೀಯ ಸಮಿತಿಗೆ ಹೋಯಿತು. 30 ಜನರ ಸಮಿತಿ, 20 ಜನ ಲೋಕಸಭೆಯವರು, 10 ಜನ ರಾಜ್ಯಸಭೆಯವರು. ಆ ಹತ್ತರಲ್ಲಿ ಜೈರಾಮ್ ಒಬ್ಬರು. ಎರಡು ವರ್ಷ ಕೂತು, 2021ರ ಡಿಸೆಂಬರ್ 16ರಂದು ವರದಿ ಕೊಟ್ಟರು. ಅದರ ಜೊತೆಗೇ ಜೈರಾಮ್ ಅವರ ಭಿನ್ನಮತದ ಟಿಪ್ಪಣಿಯೂ ಅಚ್ಚಾಗಿದೆ. ಮನೀಶ್ ತಿವಾರಿ, ಗೌರವ್ ಗೊಗೊಯ್, ಮಹುವಾ ಮೊಯಿತ್ರಾ, ಡೆರೆಕ್ ಒ'ಬ್ರಿಯಾನ್, ಅಮರ್ ಪಟ್ನಾಯಕ್ ಅವರೂ ಬರೆದಿದ್ದಾರೆ. ಜೈರಾಮ್ ಅವರದು ಮುಖ್ಯವಾಗಿ 35 ಮತ್ತು 12ನೇ ಕಲಂ ಮೇಲೆ.

35ನೇ ಕಲಂ ಅಂದರೆ: ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿ ತನ್ನ ಯಾವುದೇ ಸಂಸ್ಥೆಗೆ ಇಡೀ ಕಾನೂನಿನಿಂದಲೇ ವಿನಾಯಿತಿ ಕೊಡಬಹುದು. ಜೈರಾಮ್ ಕೇಳಿದ್ದು, ಹಾಗೆ ವಿನಾಯಿತಿ ಕೊಡುವ ಮುಂಚೆ ಸಂಸತ್ತಿನ ಒಪ್ಪಿಗೆ ತಗೊಳ್ಳಿ ಅಂತ. 12ನೇ ಕಲಂ ಸರ್ಕಾರ ನಮ್ಮ ಒಪ್ಪಿಗೆ ಇಲ್ಲದೆ ಡೇಟಾ ಬಳಸುವ ಬಗ್ಗೆ.

ಅವರ ಒಟ್ಟು ವಾದದ ತಿರುಳು ನನ್ನ ಮಾತಿನಲ್ಲಿ: ಈ ಮಸೂದೆ ಬರೆದವರು ಖಾಸಗಿತನಕ್ಕೆ ಅಪಾಯ ಇರುವುದು ಕಂಪನಿಗಳಿಂದ ಮಾತ್ರ ಅಂದುಕೊಂಡಿದ್ದಾರೆ, ಸರ್ಕಾರವನ್ನು ಬೇರೆಯೇ ಒಂದು ಮೇಲ್ಜಾತಿ ಮಾಡಿ ಕೂರಿಸಿದ್ದಾರೆ. ಇದನ್ನೇ ಹಿಡಿದುಕೋ. ಮೂರು ನಿಮಿಷಕ್ಕೆ ಧಾರಾಳ.

ಗ್ಯಾಲರಿ_ಗೌಡ
ಭಿನ್ನಮತದ ಟಿಪ್ಪಣಿ ಯಾರು ಓದ್ತಾರೆ ಸಾರ್? ವರದಿಯ ಕೊನೆಗೆ ಅಂಟಿಸುತ್ತಾರೆ, ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಬಡಿಸಿದ ಹಾಗೆ.

ನೀಲಿ_ಪೆನ್ನು
@ಗ್ಯಾಲರಿ_ಗೌಡ ಕೊನೇ ಪಂಕ್ತಿಯಲ್ಲೇ ಪಾಯಸ ಗಟ್ಟಿ ಇರುತ್ತೆ, ಗೊತ್ತಾ?

ಬಗ್_ಬಸಣ್ಣ
ಆ ಸಮಿತಿಯ ಒಂದು ಮಜಾ ಹೇಳ್ತೀನಿ. ರಾಜ್ಯಸಭೆಯ ಆ ಹತ್ತು ಜನರಲ್ಲಿ ಅಶ್ವಿನಿ ವೈಷ್ಣವ್ ಇದ್ದರು, ರಾಜೀವ್ ಚಂದ್ರಶೇಖರ್ ಕೂಡ ಇದ್ದರು. 2021ರ ಜುಲೈನಲ್ಲಿ ಸಂಪುಟ ಬದಲಾಯಿತು. ಇವರಿಬ್ಬರೂ ಐಟಿ ಇಲಾಖೆಗೇ ಮಂತ್ರಿ, ರಾಜ್ಯ ಮಂತ್ರಿ ಆದರು. ಅಧ್ಯಕ್ಷರಾಗಿದ್ದ ಮೀನಾಕ್ಷಿ ಲೇಖಿ ಕೂಡ ಮಂತ್ರಿಯಾಗಿ ಹೋದರು, ಅವರ ಜಾಗಕ್ಕೆ ಪಿ.ಪಿ. ಚೌಧರಿ ಬಂದರು. 2022ರ ಆಗಸ್ಟ್ 3ರಂದು ಅದೇ ವೈಷ್ಣವ್ ಎದ್ದು ನಿಂತು ಮಸೂದೆ ವಾಪಸ್ ತಗೊಂಡರು. ಸಮಿತಿ 81 ತಿದ್ದುಪಡಿ, 12 ಶಿಫಾರಸು ಹೇಳಿದೆ, ಹಾಗಾಗಿ ಹೊಸದಾಗಿಯೇ ತರುತ್ತೇವೆ ಅಂದರು.

ತಾವೇ ಕೂತಿದ್ದ ಸಮಿತಿ. ತಾವೇ ತೆಗೆದ ಮಸೂದೆ. ನಮ್ಮ ಆಫೀಸಲ್ಲೂ ಹೀಗೇ. ಕೋಡ್ ರಿವ್ಯೂ ಮಾಡಿದವನೇ ಮ್ಯಾನೇಜರ್ ಆಗಿ ಬಂದು ಎಲ್ಲ ಅಳಿಸು, ಮೊದಲಿಂದ ಬರಿ ಅಂತಾನೆ.

ಮಲ್ನಾಡ್_ಮಳೆ
ಜೈರಾಮ್ ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಸುಮ್ನೆ ಹೇಳಿದೆ.

ಸುಮ್ನೆ_ಬಂದೆ
ಇದೇನಿದು, ಒಂದು ಪಕ್ಷದ ಪ್ರಚಾರ ನಡೀತಿದೆಯಾ ಇಲ್ಲಿ? ಆಧಾರ್ ಶುರು ಮಾಡಿದ್ದು ಯಾರು? 2009ರಲ್ಲಿ ಯುಪಿಎ. ಆನ್‌ಲೈನ್‌ನಲ್ಲಿ ಬರೆದಿದ್ದಕ್ಕೆ ಜೈಲಿಗೆ ಹಾಕುವ 66ಎ ಕಲಂ ಅನ್ನು ಐಟಿ ಕಾಯ್ದೆಗೆ ತಂದಿದ್ದು ಯಾರು? ಅದೇ ಯುಪಿಎ. ನ್ಯಾಯಮೂರ್ತಿ ಎ.ಪಿ. ಶಾ ಸಮಿತಿ 2012ರಲ್ಲೇ ಖಾಸಗಿತನದ ಬಗ್ಗೆ ವರದಿ ಕೊಟ್ಟಿತ್ತು. ಆಮೇಲೆ ಕಾನೂನು ಮಾಡಿದರಾ? ಇಲ್ಲ. ಆಗ ಜೈರಾಮ್ ಮಂತ್ರಿ. ಅಧಿಕಾರ ಹೋದ ಮೇಲೆ ಎಲ್ಲರಿಗೂ ಖಾಸಗಿತನ ನೆನಪಾಗುತ್ತೆ.

ನಿಜವಾಗಿ ಮೊದಲು ಮಾತಾಡಿದ್ದು ರಾಜೀವ್ ಚಂದ್ರಶೇಖರ್. 2010ರಲ್ಲೇ ರಾಜ್ಯಸಭೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಖಾಸಗಿ ಮಸೂದೆ (ಮಂತ್ರಿಯಲ್ಲದ ಸದಸ್ಯ ತರುವ ಮಸೂದೆ) ತಂದಿದ್ದರು. ಆಗ ಅವರು ಕರ್ನಾಟಕದಿಂದ ಹೋಗಿದ್ದ ಪಕ್ಷೇತರ ಸದಸ್ಯ. 66ಎ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋಗಿದ್ದರು. ಅವರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಕಾನೂನು_ಕೂಸು
@ಸುಮ್ನೆ_ಬಂದೆ ಅಣ್ಣ, ಪ್ರಚಾರ ಅಲ್ಲ, ಚೀಟಿ! ಆದರೆ ಯುಪಿಎ ಮಾತು ಒಳ್ಳೇದಾಯ್ತು. ಎದುರು ಪಕ್ಷದ ಹುಡುಗರು ಇದನ್ನೇ ಎತ್ತುತ್ತಾರೆ. ಉತ್ತರ ತಯಾರು ಮಾಡಿಕೊಳ್ಳಬೇಕು.

ವಾದಿ_ಪ್ರತಿವಾದಿ
ಸುಮ್ನೆ_ಬಂದೆ ಹೇಳಿದ್ದರಲ್ಲಿ ತಪ್ಪೇನಿಲ್ಲ. 2010ರ ಮಸೂದೆ ನಿಜ. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕಲ್ವಾ? ಅದೇ ರಾಜೀವ್ ಚಂದ್ರಶೇಖರ್ 2023ರಲ್ಲಿ ಐಟಿ ರಾಜ್ಯ ಮಂತ್ರಿ. ಸರ್ಕಾರದ ವಿನಾಯಿತಿ ರಾಷ್ಟ್ರೀಯ ಭದ್ರತೆ, ಸಾಂಕ್ರಾಮಿಕ, ನೈಸರ್ಗಿಕ ವಿಕೋಪದಂಥ ಅಪರೂಪದ ಸಂದರ್ಭಕ್ಕೆ ಮಾತ್ರ ಅಂತ ಸಮರ್ಥಿಸಿಕೊಂಡವರೂ ಅವರೇ. ಕುರ್ಚಿ ಬದಲಾದರೆ ನೋಟವೂ ಬದಲಾಗುತ್ತೆ, ಎರಡೂ ಕಡೆ. ಜೈರಾಮ್ ಮಂತ್ರಿಯಾಗಿದ್ದಾಗ ಸುಮ್ಮನಿದ್ದರು, ಇವರು ಮಂತ್ರಿಯಾದ ಮೇಲೆ ಸಮರ್ಥಿಸಿದರು.

ಇನ್ನೊಂದು ಮಾತು. ಖಾಸಗಿ ಮಸೂದೆ ಪಾಸಾಗುವುದು ಕನಸು. ಇಲ್ಲಿಯವರೆಗೆ ಪಾಸಾಗಿರುವುದು 14 ಮಾತ್ರ. ಕೊನೆಯದು 1970ರಲ್ಲಿ.

ಮೊಸರನ್ನ
ಶಶಿ ತರೂರ್ ಕೂಡ ಡೇಟಾ ಬಗ್ಗೆ ಖಾಸಗಿ ಮಸೂದೆ ತಂದಿದ್ದರು. 2024ರ ಲೋಕಸಭಾ ಚುನಾವಣೆಯಲ್ಲಿ ತಿರುವನಂತಪುರದಲ್ಲಿ ಇವರೂ ರಾಜೀವ್ ಚಂದ್ರಶೇಖರ್ ಅವರೂ ಎದುರಾಬದುರು. ಖಾಸಗಿತನದ ಮಸೂದೆ ತಂದ ಇಬ್ಬರು ಬಹಿರಂಗವಾಗಿ ಗುದ್ದಾಡಿದ್ದು!

ಬಗ್_ಬಸಣ್ಣ
ಗೆದ್ದಿದ್ದು ತರೂರ್.

ಗ್ಯಾಲರಿ_ಗೌಡ
ನನಗೊಂದು ಬೇಸರ. ರಾಜೀವ್ ಆಗಲಿ, ನಿರ್ಮಲಾ ಆಗಲಿ, ಹಿಂದೆ ವೆಂಕಯ್ಯ ನಾಯ್ಡು ಆಗಲಿ, ನಮ್ಮ ರಾಜ್ಯದ ಕೋಟಾದಲ್ಲಿ ಹೋಗ್ತಾರೆ. ಕನ್ನಡದಲ್ಲಿ ಒಂದು ಮಾತಿಲ್ಲ. ಜೈರಾಮ್ ಕೂಡ ಅಷ್ಟೇ. 2003ರಲ್ಲಿ ಅದೇ ರಾಜ್ಯದ ಮತದಾರನಾಗಿರಬೇಕು ಅನ್ನೋ ನಿಯಮ ತೆಗೆದರು, ಆಮೇಲೆ ಕೇಳೋರೇ ಇಲ್ಲ.

ಮಲ್ನಾಡ್_ಮಳೆ
@ಗ್ಯಾಲರಿ_ಗೌಡ ಚಿಕ್ಕಮಗಳೂರು ಅಂತ ಮೇಲೆ ಹೇಳಿದೆನಲ್ಲ ಗೌಡ್ರೇ.

ಗ್ಯಾಲರಿ_ಗೌಡ
ಹುಟ್ಟಿದ್ದಕ್ಕೂ ಮಾತಾಡಿದ್ದಕ್ಕೂ ಏನ್ ಸಂಬಂಧ ರೀ? ನಾನೂ ಆಸ್ಪತ್ರೆಯಲ್ಲಿ ಹುಟ್ಟಿದವನು, ಡಾಕ್ಟರ್ ಆದೆನಾ?

ನೀಲಿ_ಪೆನ್ನು
ದಾರಿ ತಪ್ಪಬೇಡಿ. ಹುಡುಗಿಗೆ ಸಹಾಯ ಮಾಡಿ.

ನಾನು ನಿವೃತ್ತ ಮೇಷ್ಟ್ರು. ನನ್ನ ಸಲಹೆ, 2016ರಿಂದ ಶುರು ಮಾಡಮ್ಮ. ಆಧಾರ್ ಮಸೂದೆ ಬಂದಾಗ ಸರ್ಕಾರ ಅದನ್ನು ಮನಿ ಬಿಲ್ ಅಂತ ತಂದಿತು. ಮನಿ ಬಿಲ್ ಆದರೆ ರಾಜ್ಯಸಭೆ ತಡೆಯುವ ಹಾಗಿಲ್ಲ. 14 ದಿನದೊಳಗೆ ಸಲಹೆ ಕೊಟ್ಟು ಕಳಿಸಬಹುದು, ಅಷ್ಟೆ. ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ಜೈರಾಮ್ ಐದು ತಿದ್ದುಪಡಿ ಮಂಡಿಸಿದರು. ರಾಜ್ಯಸಭೆ ಐದನ್ನೂ ಒಪ್ಪಿತು. ಅವತ್ತೇ, ಮಾರ್ಚ್ 16ರಂದೇ, ಲೋಕಸಭೆ ಐದನ್ನೂ ತಳ್ಳಿಹಾಕಿತು.

ಒಂದೇ ದಿನದಲ್ಲಿ ಗೆದ್ದು ಸೋತ ಸಂಸದ. ನಾಟಕಕ್ಕೆ ಇದಕ್ಕಿಂತ ಒಳ್ಳೆ ದೃಶ್ಯ ಬೇಕಾ?

ವಾದಿ_ಪ್ರತಿವಾದಿ
ಮೇಷ್ಟ್ರೇ, ಒಂದು ಸಣ್ಣ ತಿದ್ದುಪಡಿ ನನ್ನದೂ ಇರಲಿ. 2016ರ ಮಾರ್ಚ್‌ನಲ್ಲಿ ಅವರು ಆಂಧ್ರಪ್ರದೇಶದ ಸದಸ್ಯರು. ಕರ್ನಾಟಕದಿಂದ ಆಯ್ಕೆ ಆಗಿದ್ದು ಆ ವರ್ಷದ ಜೂನ್‌ನಲ್ಲಿ. ಉಳಿದದ್ದೆಲ್ಲ ಸರಿ.

ನೀಲಿ_ಪೆನ್ನು
ಒಪ್ಪಿದೆ. ನಿಮ್ಮ ತಿದ್ದುಪಡಿ ಧ್ವನಿಮತದಿಂದ ಅಂಗೀಕಾರ.

ವಾದಿ_ಪ್ರತಿವಾದಿ
ಹಹ್ಹಾ. ಆ ಐದರಲ್ಲಿ ಎರಡನ್ನು ಗಮನಿಸು ತಂಗಿ. ಒಂದು, ಆಧಾರ್ ಸಂಖ್ಯೆಯನ್ನು ಸರ್ಕಾರದ ಸವಲತ್ತಿಗೆ ಬಿಟ್ಟು ಬೇರೆಯದಕ್ಕೆ ಬಳಸಬಾರದು. ಇನ್ನೊಂದು, ರಾಷ್ಟ್ರೀಯ ಭದ್ರತೆ ಅಂತ ಹೇಳಿ ಮಾಹಿತಿ ತೆರೆಯುವಾಗ ಪರಿಶೀಲಿಸುವ ಸಮಿತಿಯಲ್ಲಿ ಸರ್ಕಾರದ ಹೊರಗಿನವರೂ ಇರಬೇಕು. ಮಹಾಲೇಖಪಾಲರೋ ಕೇಂದ್ರ ಜಾಗೃತ ಆಯುಕ್ತರೋ.

2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಧಾರ್ ಕಾಯ್ದೆಯ 57ನೇ ಕಲಂನಲ್ಲಿ ಖಾಸಗಿ ಕಂಪನಿಗಳಿಗೆ ದಾರಿ ಮಾಡಿದ್ದ ಭಾಗವನ್ನು ರದ್ದು ಮಾಡಿತು. ಭದ್ರತೆಯ ಹೆಸರಿನ ಕಲಂ ಕೂಡ ಇದ್ದ ಹಾಗೆ ಉಳಿಯಲಿಲ್ಲ. ಇನ್ನೂ ದೊಡ್ಡ ಅಧಿಕಾರಿ ಬೇಕು, ಜೊತೆಗೆ ನ್ಯಾಯಾಧೀಶರೊಬ್ಬರಿದ್ದರೆ ಒಳ್ಳೇದು ಅಂದರು. ಲೋಕಸಭೆ ಅರ್ಧ ದಿನದಲ್ಲಿ ತಳ್ಳಿಹಾಕಿದ್ದರ ಹತ್ತಿರಕ್ಕೆ ಕೋರ್ಟು ಎರಡೂವರೆ ವರ್ಷ ತಗೊಂಡು ಬಂತು.

ಸುಮ್ನೆ_ಬಂದೆ
ಪೂರ್ತಿ ಹೇಳಿ ಸಾರ್. ಅದೇ ತೀರ್ಪು 4-1ರಲ್ಲಿ ಆಧಾರ್ ಸರಿ ಅಂದಿದೆ. ಮನಿ ಬಿಲ್ ಅಂತ ತಂದಿದ್ದೂ ಸರಿ ಅಂದಿದೆ. ಅದನ್ನು ಪ್ರಶ್ನಿಸಿ ಹೋಗಿದ್ದವರೇ ಜೈರಾಮ್. ಮತ್ತೆ 2019ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಒಪ್ಪಿಗೆ ಇದ್ದರೆ ಬ್ಯಾಂಕು, ಸಿಮ್‌ಗೆ ಆಧಾರ್ ಬಳಸಬಹುದು ಅಂತ ಮಾಡಿತು.

ವಾದಿ_ಪ್ರತಿವಾದಿ
ನಿಜ. ಮನಿ ಬಿಲ್ ವಿಷಯದಲ್ಲಿ ಒಪ್ಪದ ಒಬ್ಬರು ನ್ಯಾಯಮೂರ್ತಿ ಚಂದ್ರಚೂಡ್.

ಅರ್ಜಿ_ಅಜ್ಜ
ನೀವೆಲ್ಲ ಆಧಾರ್, 35, 57 ಅಂತ ಕೂತಿದ್ದೀರಿ. ನಮ್ಮಂಥವರಿಗೆ ಪೆಟ್ಟು ಬಿದ್ದಿದ್ದು ಡೇಟಾ ಕಾಯ್ದೆಯ 44(3)ನೇ ಕಲಂನಿಂದ. ಅದರ ಬಗ್ಗೆ ಯಾರೂ ಚಕಾರ ಎತ್ತಿಲ್ಲ.

ನಾನು ಹದಿನೈದು ವರ್ಷದಿಂದ ಆರ್‌ಟಿಐ ಹಾಕುತ್ತಿದ್ದೇನೆ. 10 ರೂಪಾಯಿ ಪೋಸ್ಟಲ್ ಆರ್ಡರ್, ನಮೂನೆ ಎ, 150 ಪದದೊಳಗೆ ಒಂದೇ ವಿಷಯ. ಈ 150 ಪದದ ಕಟ್ಟಳೆ ನಮ್ಮ ರಾಜ್ಯದ ನಿಯಮದ್ದು, ಅದರ ಬಗ್ಗೆ ಬೈಯಲು ಇನ್ನೊಂದು ದಿನ ಬೇಕು. ಇತ್ತೀಚೆಗೆ ಒಂದು ಕಚೇರಿಗೆ, ಹೆಸರು ಬೇಡ, ಮನೆ ಮಂಜೂರಾದ ಫಲಾನುಭವಿಗಳ ಪಟ್ಟಿ ಕೇಳಿದೆ. ಒಂದೇ ಸಾಲಿನ ಉತ್ತರ ಬಂತು: ಕೇಳಿರುವುದು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ. ಹಿಂದೆ ಇದೇ ಕಚೇರಿ ಇಂಥದ್ದೇ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ, ಪುಟಕ್ಕೆ 2 ರೂಪಾಯಿ ಕಟ್ಟಿಸಿಕೊಂಡು ಕೊಟ್ಟಿತ್ತು.

ಯಾಕೆ ಹೀಗಾಯ್ತು? ಆರ್‌ಟಿಐ ಕಾಯ್ದೆಯ 8(1)(ಜೆ)ಯಲ್ಲಿ ಮೊದಲು ಒಂದು ತಕ್ಕಡಿ ಇತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ, ಆದರೆ ಜನಹಿತ ದೊಡ್ಡದಿದ್ದರೆ ಕೊಡಬೇಕು. ಜೊತೆಗೆ, ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸಬಾರದು ಅಂತಲೂ ಇತ್ತು. ಎಂಥ ಚಂದದ ಮಾತು! ನನ್ನಂಥ ಮುದುಕನನ್ನೂ ಎಂಎಲ್‌ಎಯನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ಸಾಲು. ಡೇಟಾ ಕಾಯ್ದೆಯ 44(3) ಅದೆಲ್ಲವನ್ನೂ ಅಳಿಸಿ, ಬರೀ ವೈಯಕ್ತಿಕ ಮಾಹಿತಿ ಅನ್ನುವುದನ್ನು ಉಳಿಸಿದೆ.

2025ರ ಮಾರ್ಚ್‌ನಲ್ಲಿ ಇದನ್ನು ನಿಲ್ಲಿಸಿ, ಮತ್ತೆ ನೋಡಿ ಅಂತ ಮಂತ್ರಿ ವೈಷ್ಣವ್ ಅವರಿಗೆ ಪತ್ರ ಬರೆದವರು ಇದೇ ಜೈರಾಮ್ ರಮೇಶ್. ಮಗೂ, ನಿನ್ನ ಭಾಷಣದಲ್ಲಿ ಇದು ಇರಲೇಬೇಕು.

ವಾದಿ_ಪ್ರತಿವಾದಿ
ಅಜ್ಜ, ಕಾನೂನಿನ ದೃಷ್ಟಿಯಿಂದ ಒಂದು ಮಾತು. ಆರ್‌ಟಿಐನ 8(2) ಇನ್ನೂ ಇದೆ. ಜನಹಿತ ಹಾನಿಗಿಂತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಅಂತ ಅದು ಹೇಳುತ್ತೆ. ಮೇಲ್ಮನವಿಯಲ್ಲಿ ಅದನ್ನೇ ಹಾಕಿ. ವೈಷ್ಣವ್ ಅವರ ಉತ್ತರ ಇನ್ನೊಂದು ದಿಕ್ಕಿನದು. ಕಾನೂನಿನ ಪ್ರಕಾರ ಬಹಿರಂಗ ಮಾಡಲೇಬೇಕಾದ ಡೇಟಾಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರ 3ನೇ ಕಲಂನಲ್ಲೇ ಇದೆ, ಹಾಗಾಗಿ ಆರ್‌ಟಿಐಗೆ ಧಕ್ಕೆ ಇಲ್ಲ ಅಂದರು.

ಅರ್ಜಿ_ಅಜ್ಜ
ಕೊಡ'ಬಹುದು' ಅಂತ ಇದೆ ಸ್ವಾಮಿ. ಕೊಡ'ಬೇಕು' ಅಂತ ಇಲ್ಲ. ಗುಮಾಸ್ತನ ಮೇಜಿನ ಮೇಲೆ ಆ ಎರಡು ಪದಗಳ ನಡುವೆ ಎರಡು ವರ್ಷದ ಮೇಲ್ಮನವಿ ಇರುತ್ತೆ.

ಬಗ್_ಬಸಣ್ಣ
ಅಜ್ಜನ ಮಾತಿಗೆ ಒಂದು ಸೇರಿಸ್ತೀನಿ. 2025ರ ನವೆಂಬರ್‌ನಲ್ಲಿ ಡೇಟಾ ಕಾಯ್ದೆಯ ನಿಯಮಗಳು ಬಂದವು. ಕಂಪನಿಗಳು ಪಾಲಿಸಬೇಕಾದ ಮುಖ್ಯ ಕಲಂಗಳಿಗೆ 18 ತಿಂಗಳು ಗಡುವು. ನಮ್ಮ ಕಂಪನಿಯಲ್ಲಿ ಈಗಷ್ಟೇ ಮೀಟಿಂಗ್ ಮೇಲೆ ಮೀಟಿಂಗ್. ಆದರೆ 44(3)? ಅದು ಕೂಡಲೇ ಜಾರಿ. ಜನರಿಗೆ ಕೊಡುವ ರಕ್ಷಣೆ ಪ್ಯಾಸೆಂಜರ್ ಗಾಡಿ, ಜನರಿಂದ ಕಿತ್ತುಕೊಂಡಿದ್ದು ಎಕ್ಸ್‌ಪ್ರೆಸ್.

ಸುಮ್ನೆ_ಬಂದೆ
ಇದೊಂದು ಒಪ್ಪಿದೆ. ಇದು ಸರಿ ಇಲ್ಲ.

ಮೊಸರನ್ನ
ದಿನಾಂಕ ಗುರುತು ಹಾಕಿಕೊಳ್ಳಿ. ಸುಮ್ನೆ_ಬಂದೆ ಒಪ್ಪಿದ್ದಾರೆ.

ನೀಲಿ_ಪೆನ್ನು
ಒಳ್ಳೆಯದೂ ಹೇಳೋಣ. ಕಾಯ್ದೆ ಪುಟ್ಟದು, 44 ಕಲಂ. ಭಾಷೆ ಸರಳ. ಎಲ್ಲರನ್ನೂ 'ಅವಳು' ಅಂತಲೇ ಕರೆದಿದ್ದಾರೆ, ಗಂಡಸರೂ ಅದರಲ್ಲೇ ಬಂದರು. ಒಪ್ಪಿಗೆ ಕೇಳುವ ನೋಟಿಸನ್ನು ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲೂ.

ಬಗ್_ಬಸಣ್ಣ
ಮೇಷ್ಟ್ರೇ, ಆ ಅನುವಾದ ನೋಡಿದರೆ ಅಳು ಬರುತ್ತೆ. ಈ ಕಾಯ್ದೆಯಲ್ಲಿ ಡೇಟಾ ಯಾರದೋ ಅವರಿಗೆ 'ಡೇಟಾ ಪ್ರಿನ್ಸಿಪಾಲ್' ಅಂತ ಹೆಸರು. ಅದನ್ನು ಕಂಪ್ಯೂಟರ್‌ಗೆ ಕೊಟ್ಟೆ. 'ದತ್ತಾಂಶ ಪ್ರಾಂಶುಪಾಲರು' ಅಂತ ಬಂತು.

ನೀಲಿ_ಪೆನ್ನು
ಮೂವತ್ತು ವರ್ಷ ಪಾಠ ಮಾಡಿದೆ, ಪ್ರಾಂಶುಪಾಲ ಆಗಲಿಲ್ಲ. ಈಗ ಮೊಬೈಲ್ ಇಟ್ಟುಕೊಂಡಿದ್ದಕ್ಕೇ ಆದೆ.

ಮಲ್ನಾಡ್_ಮಳೆ
ನನಗೊಂದು ಅನುಮಾನ. ನನ್ನ ನಂಬರು ಸೋರಿಕೆ ಆಯ್ತು ಅಂತಿಟ್ಟುಕೊಳ್ಳಿ. ಕಂಪನಿಗೆ 250 ಕೋಟಿವರೆಗೆ ದಂಡ ಅಂತ ಪೇಪರಲ್ಲಿ ಓದಿದೆ. ಅದರಲ್ಲಿ ನನಗೆಷ್ಟು?

ವಾದಿ_ಪ್ರತಿವಾದಿ
ಸೊನ್ನೆ. ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಐಟಿ ಕಾಯ್ದೆಯ 43ಎಯಲ್ಲಿ ಪರಿಹಾರ ಕೇಳುವ ದಾರಿ ಇತ್ತು. ಇದೇ ಕಾಯ್ದೆ ಅದನ್ನೂ ತೆಗೆಯುತ್ತೆ. ಮೇಲಿಂದ ನೀವು ಸುಳ್ಳು ದೂರು ಕೊಟ್ಟರೆ ನಿಮಗೇ 10,000 ರೂಪಾಯಿವರೆಗೆ ದಂಡ.

ಮಲ್ನಾಡ್_ಮಳೆ
ಅಯ್ಯೋ ಶಿವನೇ.

ಗ್ಯಾಲರಿ_ಗೌಡ
ನಾನು ಒಂದು ಸಲ ದೆಹಲಿಗೆ ಹೋದಾಗ ರಾಜ್ಯಸಭೆಯ ಗ್ಯಾಲರಿಯಲ್ಲಿ ಕೂತಿದ್ದೆ. ಪಾಸು ಸಿಗಲು ಎರಡು ದಿನ ಅಲೆದಿದ್ದೆ. ಒಳಗೆ ಹೋದರೆ ಒಬ್ಬ ಸದಸ್ಯರು ಓದುತ್ತಿದ್ದಾರೆ, ಸುತ್ತ ಹತ್ತು ಹನ್ನೆರಡು ಜನ. ಇಬ್ಬರು ಫೋನ್ ನೋಡ್ತಿದ್ದಾರೆ. ಆದರೆ ಕೆಳಗೆ ನಡುವೆ ಕೂತ ವರದಿಗಾರರು ಮಾತ್ರ ಒಂದು ಪದ ಬಿಡದೆ ಬರೆದುಕೊಳ್ಳುತ್ತಿದ್ದರು. ಅವರು ಮಾತ್ರ ಕೇಳಿಸಿಕೊಂಡಿದ್ದು ಅನಿಸಿತು.

ಅದಕ್ಕೇ ಕೇಳ್ತೀನಿ, ಒಬ್ಬ ಸಂಸದ ಮಾತಾಡಿದರೆಷ್ಟು, ಬಿಟ್ಟರೆಷ್ಟು? 2021ರ ಆ ಟಿಪ್ಪಣಿಯಿಂದ ಕಾನೂನಿನಲ್ಲಿ ಒಂದು ಅಕ್ಷರ ಬದಲಾಯ್ತಾ?

ವಾದಿ_ಪ್ರತಿವಾದಿ
ಬದಲಾಗಲಿಲ್ಲ ಗೌಡ್ರೇ. ಇನ್ನೂ ಹಿಂದಕ್ಕೆ ಹೋಯಿತು. ಜಂಟಿ ಸಮಿತಿಯ ವರದಿ 35ನೇ ಕಲಂನ ವಿನಾಯಿತಿಗೆ ಒಂದು ಷರತ್ತನ್ನಾದರೂ ಸೇರಿಸಿತ್ತು. ಪ್ರಕ್ರಿಯೆ ನ್ಯಾಯವಾಗಿರಬೇಕು, ಸಮಂಜಸವಾಗಿರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಅಂತ. ಜೈರಾಮ್‌ಗೆ ಅದೂ ಸಾಲದು ಅನಿಸಿತ್ತು. 2023ರ ಕಾಯ್ದೆಯ 17(2)(ಎ) ಕಲಂನಲ್ಲಿ ಆ ಷರತ್ತೂ ಇಲ್ಲ. ಮೊದಲ ಕರಡು ಬರೆದುಕೊಟ್ಟ ನ್ಯಾಯಮೂರ್ತಿ ಶ್ರೀಕೃಷ್ಣ 2019ರ ಮಸೂದೆ ನೋಡಿಯೇ ಗಾಬರಿ ಬಿದ್ದಿದ್ದರು.

ಆದರೂ ಕೋರ್ಟಿನಲ್ಲಿ ಇಂಥ ಟಿಪ್ಪಣಿ ಕೆಲಸಕ್ಕೆ ಬರುತ್ತೆ. ಈ ತೊಂದರೆ ಯಾರಿಗೂ ಹೊಳೆದಿರಲಿಲ್ಲ ಅಂತ ಸರ್ಕಾರ ಹೇಳಲು ಬರುವುದಿಲ್ಲ. ಬರೆದು ಕೊಟ್ಟಿದ್ದರು, ದಿನಾಂಕ ಸಮೇತ ಅಚ್ಚಾಗಿದೆ ಅಂತ ತೋರಿಸಬಹುದು.

ಸುಮ್ನೆ_ಬಂದೆ
ಹಾಗಿದ್ದರೆ ಆಗಸ್ಟ್ 9ಕ್ಕೆ ಯಾಕೆ ಎದ್ದು ಹೋದರು? ಮಣಿಪುರ ದೊಡ್ಡ ವಿಷಯವೇ, ಇಲ್ಲ ಅನ್ನಲ್ಲ. ಆದರೆ ಒಳಗಿದ್ದು ಮತಗಳ ಎಣಿಕೆ ಕೇಳಬಹುದಿತ್ತು. ಧ್ವನಿಮತದಲ್ಲಿ ಮುಗೀತು. ಯಾರು ಪರ, ಯಾರು ವಿರೋಧ ಅನ್ನೋ ಲೆಕ್ಕವೇ ದಾಖಲೆಯಲ್ಲಿಲ್ಲ. ಟಿಪ್ಪಣಿ ಬರೆದ ಪಕ್ಷವೇ ಕೊನೇ ದಿನ ಖಾಲಿ ಬೆಂಚು ಬಿಟ್ಟುಹೋಯ್ತು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ?

ನೀಲಿ_ಪೆನ್ನು
ಇಲ್ಲ. ಈ ಪ್ರಶ್ನೆ ನನಗೂ ಕಾಡುತ್ತೆ.

ಅರ್ಜಿ_ಅಜ್ಜ
44(3) ಬಗ್ಗೆ ಅವರ ಪತ್ರ ಬಂದಿದ್ದು 2025ರಲ್ಲಿ. ಮಸೂದೆ ಪಾಸಾಗಿದ್ದು 2023ರಲ್ಲಿ. ನಡುವೆ ಒಂದೂವರೆ ವರ್ಷ. ಮೆಚ್ಚಿದೆ ಅಂತ ಮೇಲೆ ಬರೆದೆ, ಸಿಟ್ಟೂ ಇದೆ.

ಕಾನೂನು_ಕೂಸು
ಎಲ್ಲರಿಗೂ ಥ್ಯಾಂಕ್ಸ್! ನಿನ್ನೆ ರಾತ್ರಿ ಟಿಪ್ಪಣಿ ಪೂರ್ತಿ ಓದಿದೆ. ಮಜಾ ಏನು ಗೊತ್ತಾ? ಅಷ್ಟೆಲ್ಲ ವಿರೋಧಿಸಿಯೂ, ಸಮಿತಿ ನಡೆದ ರೀತಿಯನ್ನೂ ಚೌಧರಿ ಅವರನ್ನೂ ಜೈರಾಮ್ ಹೊಗಳಿದ್ದಾರೆ. ಜಗಳದಲ್ಲೂ ಮರ್ಯಾದೆ. ಅದನ್ನೂ ಸೇರಿಸುತ್ತೇನೆ.

ನಿರ್ಧಾರ ಇಷ್ಟು: ಎದ್ದು ಬಾಗಿಲವರೆಗೆ ನಡೆಯುತ್ತೇನೆ. ಅಲ್ಲಿ ನಿಂತು, ಸಭಾಪತಿಗಳೇ, ನಾನು ಹೇಳಬೇಕಾದ್ದನ್ನು 2021ರಲ್ಲೇ ಬರೆದು ಕೊಟ್ಟಿದ್ದೇನೆ ಅಂತ ಶುರು ಮಾಡಿ, 35ನೇ ಕಲಂ ಓದುತ್ತೇನೆ. ಆಮೇಲೆ ಅಜ್ಜನ ಪಟ್ಟಿಯ ಕಥೆ, ಕಚೇರಿ ಹೆಸರಿಲ್ಲದೆ.

ವಾದಿ_ಪ್ರತಿವಾದಿ
ಬಾಗಿಲಲ್ಲಿ ನಿಂತು ಮಾತಾಡಿದರೆ ದಾಖಲೆಗೆ ಹೋಗಲ್ಲ ತಂಗಿ. ತನ್ನ ಸೀಟಿನಿಂದಲೇ ಮಾತಾಡಬೇಕು. ನಿಯಮ.

ಅರ್ಜಿ_ಅಜ್ಜ
ಅಜ್ಜನ ಕಥೆ 2025ರದ್ದು, ನಿನ್ನ ಸದನ 2023ರದ್ದು. ಮುಂದೆ ಹೀಗಾಗುತ್ತೆ ನೋಡಿ ಅಂತ ಹೇಳಮ್ಮ, ಆಗ ಸರಿಹೋಗುತ್ತೆ.

ಕಾನೂನು_ಕೂಸು
ಅಯ್ಯೋ, ಹೌದಲ್ಲಾ! ಎರಡೂ ತಿದ್ದುತ್ತೇನೆ. ಅಂದಹಾಗೆ ವೈಷ್ಣವ್ ಪಾತ್ರದ ಹುಡುಗ ನಿನ್ನೆ ಕ್ಯಾಂಟೀನಲ್ಲಿ ನನ್ನ ಟಿಪ್ಪಣಿ ಪುಸ್ತಕದ ಫೋಟೋ ತೆಗೆದುಕೊಂಡಿದ್ದಾನೆ. ಕೇಳದೇನೇ.

ಮೊಸರನ್ನ
ರಾಷ್ಟ್ರೀಯ ಭದ್ರತೆ ಅಂತಾನೆ ನೋಡ್ತಿರು.